ಬಾಟಲಿ ಹಾಲು ಕುಡಿದು ಬೆಳೆದ ಗಂಡು ಲಾಮಾ ಮೈಮೇಲೆ ಬಂದರೆ

ಬಾಟಲಿ ಹಾಲು ಕುಡಿದು ಒಂಟಿಯಾಗಿ ಬೆಳೆದ ನಿಮ್ಮ 14 ತಿಂಗಳ ಗಂಡು ಲಾಮಾ (ದಕ್ಷಿಣ ಅಮೆರಿಕದ, ಒಂಟೆಯ ಬಳಗದ ಸಾಕುಪ್ರಾಣಿ) ನಿಮ್ಮನ್ನು ಎದೆಯಿಂದ ಗುದ್ದುತ್ತಿದೆ, ಅದು ಪ್ರೀತಿಯ ಆಟ ಎಂದು ಬರೆದಿದ್ದೀರಿ. ಗುದ್ದುತ್ತಿರುವುದಕ್ಕೆ ಬಹುಮಟ್ಟಿಗೆ ಕಾರಣ ಆ ಬಾಟಲಿ ಹಾಲೇ. ಮನುಷ್ಯರ ಕೈಯಲ್ಲೇ ಬೆಳೆದ ಗಂಡುಮರಿ ನಮ್ಮನ್ನೂ ಲಾಮಾಗಳೆಂದೇ ತಿಳಿಯುತ್ತದೆ. ಪ್ರಾಯಕ್ಕೆ ಬಂದಾಗ ಇನ್ನೊಂದು ಗಂಡಿನ ಮೇಲೆ ಏರಿಹೋಗುವಂತೆ ನಮ್ಮ ಮೇಲೂ ಬರುತ್ತದೆ. ಅದು ಪ್ರೀತಿಯ ಆಟವಲ್ಲ. ಪೂರ್ತಿ ಬೆಳೆದರೆ 150 ಕಿಲೋ ದಾಟಬಲ್ಲ ಪ್ರಾಣಿ ಅದು.

ಮುದ್ದಿಸುವುದನ್ನು, ಕೈಯಿಂದ ತಿನ್ನಿಸುವುದನ್ನು ಇವತ್ತೇ ನಿಲ್ಲಿಸಿ. ಮಕ್ಕಳನ್ನು ಬೇಲಿಯೊಳಗೆ ಬಿಡಲೇಬೇಡಿ. ಮೇವು, ನೀರು ಹೊರಗಿನಿಂದಲೇ ಕೊಡಿ. ಒಳಗೆ ಹೋಗಲೇಬೇಕಾದರೆ ಅಗಲವಾದ ಹಲಗೆಯೊಂದನ್ನು ಮುಂದೆ ಹಿಡಿದುಕೊಳ್ಳಿ, ಬೆನ್ನು ತಿರುಗಿಸಬೇಡಿ.

ಆಮೇಲೆ ಲಾಮಾಗಳನ್ನು ನೋಡಿ ಅನುಭವವಿರುವ ಪಶುವೈದ್ಯರಿಂದ ವೃಷಣ ತೆಗೆಸಿ. ಮೂಳೆ ಬಲಿಯಲೆಂದು ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷದವರೆಗೆ ಕಾಯುತ್ತಾರೆ. ಇಂಥ ಪ್ರಾಣಿಯ ವಿಷಯದಲ್ಲಿ ಕಾಯಬಾರದೆಂಬುದು ನನ್ನ ಅಭಿಪ್ರಾಯ, ಆದರೆ ವೈದ್ಯರ ಮಾತೇ ಕೊನೆಯದು. ಕಾದಾಟದ ಕೋರೆಹಲ್ಲು ಮೂಡಿದೆಯೇ ಎಂದೂ ನೋಡಿಸಿ. ಸಾಮಾನ್ಯವಾಗಿ ಎರಡು, ಮೂರು ವರ್ಷಕ್ಕೆ ಬರುತ್ತದೆ.

ಶಸ್ತ್ರಚಿಕಿತ್ಸೆಯೊಂದರಿಂದಲೇ ಸ್ವಭಾವ ಬದಲಾಗುತ್ತದೆಂಬ ಭರವಸೆ ಇಲ್ಲ. ನಾನು ಸಾಕಿದ್ದ ಲಾಮಾಕ್ಕೆ ಹೆಚ್ಚು ನೆರವಾದದ್ದು ತನ್ನವರ ಸಹವಾಸ. ವೃಷಣ ತೆಗೆದ, ವಯಸ್ಸಾದ ಎರಡು ಗಂಡುಗಳ ಜೊತೆ ಬಿಟ್ಟೆವು. ಅವು ಉಗುಳಿ, ಕತ್ತಿನಿಂದ ತಳ್ಳಿ, ನಾವು ಕಲಿಸಲಾಗದ ಮರ್ಯಾದೆಯನ್ನು ಕಲಿಸಿದವು. ಮೊದಲ ಕೆಲವು ದಿನ ನಡುವೆ ಬೇಲಿ ಇಟ್ಟು ಪರಿಚಯ ಮಾಡಿಸಿ.