ಸ್ಪೋಕನ್ ಇಂಗ್ಲಿಷ್ ಕೋರ್ಸ್ ಬೇಡ, ಮೊದಲು ಬಾಯಿಪಾಠ ಬಿಡಿ

ಮಂಡ್ಯ ಕಡೆಯ ಕನ್ನಡ ಮೀಡಿಯಂ, ಮೈಸೂರಲ್ಲಿ ಬಿ.ಕಾಂ., ಇಂಗ್ಲಿಷಲ್ಲಿ ಸೆಮಿನಾರ್ ಅಂದರೆ ಕೈ ನಡುಗುತ್ತೆ, ಯಾವ ಕೋರ್ಸ್ ಸೇರಲಿ ಅಂತ ಕೇಳಿದ್ದೀರಿ. ನಾನೂ ಹೀಗೇ ಇದ್ದೆ. ಮದ್ದೂರಿನಿಂದ ರೈಲು ಹತ್ತಿ ಮೈಸೂರಿಗೆ ಕಾಲೇಜಿಗೆ ಬರುತ್ತಿದ್ದೆ. ಎಲಾಸ್ಟಿಸಿಟಿ ಆಫ್ ಡಿಮ್ಯಾಂಡ್, ಅಂದರೆ ಬೆಲೆ ಬದಲಾದರೆ ಜನ ಕೊಳ್ಳುವುದು ಎಷ್ಟು ಬದಲಾಗುತ್ತೆ ಅನ್ನುವುದರ ಬಗ್ಗೆ ಸೆಮಿನಾರ್ ಕೊಡಬೇಕಿತ್ತು. ಪುಟಗಟ್ಟಲೆ ಬರೆದು, ಒಂದಕ್ಷರ ಬಿಡದೆ ಉರು ಹೊಡೆದೆ. ರೈಲಲ್ಲಿ ಬಾಗಿಲ ಹತ್ತಿರ ನಿಂತು ತುಟಿ ಅಲ್ಲಾಡಿಸುತ್ತಾ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ನನ್ನನ್ನು ಮುಳುಗಿಸಿದ್ದು ಅದೇ. ಉರು ಹೊಡೆದ ಮಾತಿಗೆ ಅರ್ಥ ಇರುವುದಿಲ್ಲ, ಸಾಲು ಮಾತ್ರ ಇರುತ್ತೆ. ಒಂದು ಪದ ಬಂದರೆ ತಾನೇ ಮುಂದಿನದು ಬರುವುದು. ಶುರುವಾಗಿ ಸ್ವಲ್ಪ ಹೊತ್ತಿಗೇ ಲೆಕ್ಚರರ್ ತಡೆದು, ಉಪ್ಪಿನ ಬೆಲೆ ಏರಿದರೆ ಏನಾಗುತ್ತೆ ಅಂತ ಕೇಳಿದರು. ಜನ ಉಪ್ಪು ಕೊಳ್ಳುವುದನ್ನು ಕಡಿಮೆ ಮಾಡಲ್ಲ ಅಂತ ನನಗೆ ಗೊತ್ತಿತ್ತು! ಆದರೆ ಆ ವಾಕ್ಯ ನನ್ನ ಪುಟದಲ್ಲಿ ಇರಲಿಲ್ಲ. ಉತ್ತರವೂ ಬರಲಿಲ್ಲ, ಬಿಟ್ಟ ಸಾಲೂ ಸಿಗಲಿಲ್ಲ. ಆಮೇಲೆ ಸೆಮಿನಾರ್ ಇದ್ದ ದಿನವೆಲ್ಲ ರಜಾ ಹಾಕಿದೆ, ಕೊನೆಗೆ ಕ್ಯಾಂಪಸ್ ಇಂಟರ್‌ವ್ಯೂಗೂ ಹೋಗಲಿಲ್ಲ. ಕಳೆದುಕೊಂಡಿದ್ದು ಒಂದು ಕೆಲಸ.

ಅದಕ್ಕೇ ಹೇಳುತ್ತಿದ್ದೀನಿ, ನಿಮಗೆ ಇಂಗ್ಲಿಷ್ ಕಡಿಮೆ ಅನ್ನುವುದನ್ನು ನಾನು ಒಪ್ಪಲ್ಲ. ನಿಮಗಿರುವುದು ಭಯ. ಭಾಷೆ ಕಲಿಕೆ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಇಲೇನ್ ಹಾರ್ವಿಟ್ಜ್ ಮತ್ತು ಜೊತೆಗಾರರು 1986ರಲ್ಲೇ ಈ ಭಯ ಅಳೆಯುವ 33 ಹೇಳಿಕೆಗಳ ಪಟ್ಟಿಯನ್ನು ಪ್ರಕಟಿಸಿದರು. ಸಿದ್ಧತೆ ಇಲ್ಲದೆ ಮಾತಾಡಬೇಕಾದಾಗ ಗಾಬರಿಯಾಗುತ್ತೆ ಅನ್ನುವುದೂ ಅದರಲ್ಲಿದೆ. ಅವರು ಕೇಳಿದ್ದು ಟೆಕ್ಸಸ್‌ನಲ್ಲಿ ಸ್ಪ್ಯಾನಿಶ್ ಕಲಿಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು. ಇಂಗ್ಲಿಷ್ ಮಾತಾಡುವ ದೇಶದಲ್ಲಿ ಓದುವವರಿಗೇ ಇನ್ನೊಂದು ಭಾಷೆ ಅಂದರೆ ಎದೆ ಡವಡವ ಅಂದಿದೆ, ಹಳ್ಳಿ ಹುಡುಗ ಅಂತ ನೀವ್ಯಾಕೆ ಕುಗ್ಗಬೇಕು?

ಕೋರ್ಸಿನ ದುಡ್ಡು ಉಳಿಸಿ. ಚೀಟಿಯಲ್ಲಿ ನಾಲ್ಕೈದು ಪದ ಮಾತ್ರ ಬರೆದುಕೊಂಡು, ಜೊತೆಗೆ ರೈಲಲ್ಲಿ ಬರುವ ಗೆಳೆಯನಿಗೆ ವಿಷಯ ಹೇಳಿ. ಪದ ಸಿಗದಿದ್ದರೆ ಕನ್ನಡ ಸೇರಿಸಿ, ಆದರೆ ನಿಲ್ಲಿಸಬೇಡಿ. ಮುಖ್ಯವಾಗಿ, ನಡುವೆ ಬಾಯಿ ಹಾಕಿ ಪ್ರಶ್ನೆ ಕೇಳು ಅಂತ ಅವನಿಗೆ ಹೇಳಿ, ಅದೇ ನಿಜವಾದ ಅಭ್ಯಾಸ. ಸೆಮಿನಾರಿಗೆ ಮುಂಚೆ ಲೆಕ್ಚರರ್ ಹತ್ತಿರ ಹೋಗಿ, ಸರ್, ನಡುವೆ ತಡವರಿಸಬಹುದು, ಸ್ವಲ್ಪ ಟೈಮ್ ಕೊಡಿ ಅಂತ ಕೇಳಿಬಿಡಿ. ಸುಮಾರು ಜನ ಕೊಡುತ್ತಾರೆ.