ಸೊಲಾರಿಸ್ 10 ಆಪರೇಟಿಂಗ್ ಸಿಸ್ಟಮ್‌ಗೆ ಬಂದ ಮೇಲೆ ಹಳೆಯ ಕರ್ನೆಲ್ ಪ್ಯಾರಾಮೀಟರ್‌ಗಳನ್ನು (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕೊಡುವ ಹೊಂದಾಣಿಕೆಗಳನ್ನು) ಸಿಸ್ಟಮ್ ಕಡತದಲ್ಲಿ ಉಳಿಸಿಕೊಳ್ಳಬೇಕೇ?

ಬಹುತೇಕ ಸಂದರ್ಭಗಳಲ್ಲಿ ಬೇಕಾಗಿಲ್ಲ. ಓಡುತ್ತಿರುವ ಪ್ರೋಗ್ರಾಮ್‌ಗಳು (ಪ್ರಕ್ರಿಯೆಗಳು) ಮಾಹಿತಿ ಹಂಚಿಕೊಳ್ಳಲು ಮತ್ತು ಪರಸ್ಪರ ಹೊಂದಿಕೊಂಡು ನಡೆಯಲು ಬಳಸುವ ಹಂಚಿಕೆಯ ಮೆಮೊರಿ, ಸೆಮಾಫೋರ್ ಮತ್ತು ಸಂದೇಶ ಸರತಿಗಳ ಮಿತಿಗಳನ್ನು ಹಿಂದೆ ಇಟಿಸಿ ಡೈರೆಕ್ಟರಿಯ ಸಿಸ್ಟಮ್ ಕಡತದಲ್ಲಿ ಬರೆದು ಯಂತ್ರವನ್ನು ರೀಬೂಟ್ ಮಾಡಬೇಕಾಗಿತ್ತು. 2005ರಲ್ಲಿ ಬಂದ ಸೊಲಾರಿಸ್ 10 ಈ ಕೆಲಸವನ್ನು ಸಂಪನ್ಮೂಲ ನಿಯಂತ್ರಣಗಳಿಗೆ ವಹಿಸಿ, ಇಡೀ ಯಂತ್ರಕ್ಕೆ ಅನ್ವಯಿಸುತ್ತಿದ್ದ ಮಿತಿಯನ್ನು ಆಯಾ ಪ್ರಾಜೆಕ್ಟ್ (ಒಂದು ಕೆಲಸಕ್ಕೆ ಸೇರಿದ ಪ್ರಕ್ರಿಯೆಗಳ ಗುಂಪು) ಅಥವಾ ಪ್ರಕ್ರಿಯೆಯ ಮಟ್ಟಕ್ಕೆ ಇಳಿಸಿತು.

ಆದರೆ ಬಳಕೆ ತಪ್ಪಿದ ಎಲ್ಲ ಪ್ಯಾರಾಮೀಟರ್‌ಗಳೂ ಒಂದೇ ಬಗೆಯವಲ್ಲ ಎಂಬುದನ್ನು ಗಮನಿಸಲೇಬೇಕು. ಹಂಚಿಕೆಯ ಮೆಮೊರಿ ತುಂಡಿನ ಕನಿಷ್ಠ ಗಾತ್ರ ಹೇಳುತ್ತಿದ್ದ ಶಮ್‌ಮಿನ್, ಒಂದು ಪ್ರಕ್ರಿಯೆಗೆ ಎಷ್ಟು ತುಂಡು ಎಂದು ಹೇಳುತ್ತಿದ್ದ ಶಮ್‌ಸೆಗ್‌ನಂಥವನ್ನು ಪೂರ್ತಿ ತೆಗೆದುಹಾಕಲಾಗಿದೆ. ಬರೆದರೂ ಕರ್ನೆಲ್ ಅವುಗಳನ್ನು ಕಡೆಗಣಿಸುತ್ತದೆ. ಶಮ್‌ಮ್ಯಾಕ್ಸ್ (ತುಂಡಿನ ಗರಿಷ್ಠ ಗಾತ್ರ), ಶಮ್‌ಎಂಎನ್‌ಐ (ತುಂಡುಗಳ ಗರಿಷ್ಠ ಸಂಖ್ಯೆ) ಮುಂತಾದವು ಬಳಕೆಯಿಂದ ಹಿಂದೆ ಸರಿದಿದ್ದರೂ, ಕಡತದಲ್ಲಿ ಉಳಿದಿದ್ದರೆ ಹೊಸ ನಿಯಂತ್ರಣಗಳ ಡೀಫಾಲ್ಟ್ ಮೌಲ್ಯವನ್ನು ಇಂದಿಗೂ ಅವೇ ನಿರ್ಧರಿಸಬಲ್ಲವು. ನನ್ನ ದೃಷ್ಟಿಯಲ್ಲಿ ನಿಜವಾದ ಅಪಾಯ ಇಲ್ಲಿಯೇ ಇದೆ: ಪ್ರಾಜೆಕ್ಟ್‌ನ ಹಂಚಿಕೆಯ ಮೆಮೊರಿಗೆ ಹೊಸ ಡೀಫಾಲ್ಟ್ ಮಿತಿ ಭೌತಿಕ ಮೆಮೊರಿಯ ಕಾಲು ಭಾಗವಾಗಿರುವಾಗ, ಹಳೆಯ ಸಣ್ಣ ಯಂತ್ರಕ್ಕೆಂದು ಬರೆದ ಸಾಲು ದೊಡ್ಡ ಸರ್ವರ್‌ನ ಡೇಟಾಬೇಸನ್ನು ಅನಗತ್ಯವಾಗಿ ಕಟ್ಟಿಹಾಕಬಹುದು.

ಆದ್ದರಿಂದ ಆ ಸಾಲುಗಳನ್ನು ತೆಗೆಯಿರಿ. ಈಗಿನ ಮಿತಿಯನ್ನು ಪಿಆರ್‌ಸಿಟಿಎಲ್ ಆಜ್ಞೆಯಿಂದ ಪರಿಶೀಲಿಸಿ, ಹೆಚ್ಚು ಬೇಕಿದ್ದರೆ ಪ್ರಾಜ್‌ಮಾಡ್ ಆಜ್ಞೆಯ ಮೂಲಕ ಪ್ರಾಜೆಕ್ಟ್‌ಗೆ ನಮೂದಿಸಿ. ಹೀಗೆ ಪ್ರಾಜೆಕ್ಟ್‌ಗೆ ನಮೂದಿಸಲು ರೀಬೂಟ್ ಅಗತ್ಯವಿಲ್ಲ.