ಕೆಮ್ಮಿಗೆ ಕಡಲ ಪಾಚಿಯ ಕಷಾಯ

ಪ್ರಶ್ನೆ: ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸ್ ಆಗಿರುವ ನನ್ನ ಮಗಳಿಗೆ ಚಳಿಗಾಲದಲ್ಲಿ ಕೆಮ್ಮು ಹಿಡಿದಾಗ ನೆರೆಮನೆಯ ಅಜ್ಜಿಯೊಬ್ಬರು ಒಣಗಿಸಿದ ಕಡಲ ಪಾಚಿಯನ್ನು ಕುದಿಸಿ ಕೊಟ್ಟರಂತೆ. ಅದೇ ಪಾಚಿಯ ಪೊಟ್ಟಣವೊಂದನ್ನು ನನಗೂ ಕಳಿಸಿದ್ದಾಳೆ. ನನಗೆ ಅಸ್ತಮಾ ಇದೆ, ಥೈರಾಯ್ಡ್ ಮಾತ್ರೆಯನ್ನೂ ನುಂಗುತ್ತೇನೆ. ಇದನ್ನು ಕುಡಿಯಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮಗೆ ಬಂದಿರುವುದು ಬಹುಶಃ ‘ಕ್ಯಾರಗೀನ್’ ಎಂಬ ಕೆಂಪು ಪಾಚಿ. ಐರ್ಲೆಂಡಿನ ಪಶ್ಚಿಮ ಕರಾವಳಿಯವರು ಕಡಲು ಇಳಿದ ಹೊತ್ತಿನಲ್ಲಿ ಇದನ್ನು ಬಂಡೆಗಳಿಂದ ಕಿತ್ತು, ಹುಲ್ಲಿನ ಮೇಲೆ ಹರವಿ, ಅದರ ಕಡುಗೆಂಪು ಬಣ್ಣ ಬಿಳಿಚಿಕೊಳ್ಳುವವರೆಗೆ ಮಳೆ ಬಿಸಿಲಿಗೆ ಬಿಡುತ್ತಾರೆ. ಒಂದು ಹಿಡಿ ಒಣ ಪಾಚಿಯನ್ನು ನೆನೆಸಿ, ತೊಳೆದು, ನೀರಿನಲ್ಲೋ ಹಾಲಿನಲ್ಲೋ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿದರೆ ಅದು ಲೋಳೆ ಬಿಡುತ್ತದೆ. ಸೋಸಿ, ನಿಂಬೆರಸ ಮತ್ತು ಜೇನು ಬೆರೆಸಿ ಬಿಸಿಯಾಗಿಯೇ ಕುಡಿಯುವುದು ಅಲ್ಲಿನ ರೂಢಿ.

ಈ ಲೋಳೆಯೇ ಕ್ಯಾರಗೀನನ್. ಐಸ್‌ಕ್ರೀಮಿನ ಡಬ್ಬಿಯ ಮೇಲೆ ಇ407 ಎಂದು ಕಾಣುವುದೂ ಇದೇ. ಅದು ಕೆರೆತವಿರುವ ಗಂಟಲಿಗೆ ತೆಳುವಾಗಿ ಲೇಪವಾಗಿ ಒಣಕೆಮ್ಮಿನ ಕಾಟವನ್ನು ಕೊಂಚ ಹೊತ್ತು ತಗ್ಗಿಸುತ್ತದೆ. ಆದರೆ ಕುಡಿದದ್ದು ಅನ್ನನಾಳದ ಮೂಲಕ ಹೊಟ್ಟೆಗೆ ಹೋಗುತ್ತದೆಯೇ ಹೊರತು ಶ್ವಾಸಕೋಶಕ್ಕಲ್ಲ; ಅಸ್ತಮಾದಲ್ಲಿ ಊದಿಕೊಂಡು ಬಿಗಿಯುವ ಶ್ವಾಸನಾಳಗಳನ್ನು ಈ ಲೋಳೆ ಮುಟ್ಟುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಕ್ಷಯಕ್ಕೂ ಕೊಡುತ್ತಿದ್ದರು. ಆ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ; ಅಲ್ಲಿಯವರೆಗೆ ಕೆಮ್ಮು ಕಡಿಮೆಯಾದದ್ದನ್ನೇ ರೋಗ ಇಳಿಯಿತೆಂದು ನಂಬಿದವರನ್ನು ದೂಷಿಸಲಾಗದು. ಸೊರಗಿದ ರೋಗಿಗೆ ಬೆಚ್ಚನೆಯ ಹಾಲು ಹೊಟ್ಟೆಗೆ ಸೇರಿದ್ದೂ ಸಣ್ಣ ಉಪಕಾರವಲ್ಲ.

ನಿಮ್ಮ ವಿಷಯದಲ್ಲಿ ನಾನು ಹೆಚ್ಚು ಯೋಚಿಸಿದ್ದು ಥೈರಾಯ್ಡ್ ಬಗ್ಗೆ. ಆ ಗ್ರಂಥಿ ತನ್ನ ಹಾರ್ಮೋನು ತಯಾರಿಸುವುದು ಅಯೋಡಿನ್‌ನಿಂದ; ಅದು ಅತಿಯಾದರೂ ಗ್ರಂಥಿಯ ಕೆಲಸ ಏರುಪೇರಾಗಬಹುದು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ. ಅಯೋಡಿನ್ ಬೆರೆಸಿದ ಉಪ್ಪು ನಮ್ಮ ಅಡುಗೆಮನೆಯಲ್ಲಿ ಹೇಗೂ ಇದೆ. ಕಡಲ ಪಾಚಿಯಲ್ಲಿ ಅಯೋಡಿನ್ ಎಷ್ಟಿರುತ್ತದೆ ಎಂಬುದು ಜಾತಿಯಿಂದ ಜಾತಿಗೆ, ಕಿತ್ತ ಜಾಗದಿಂದ ಜಾಗಕ್ಕೆ ಬದಲಾಗುವುದರಿಂದ, ಮಾತ್ರೆಯ ಪ್ರಮಾಣವನ್ನು ಅಳೆದು ನಿಗದಿ ಮಾಡಿಸಿಕೊಂಡಿರುವವರು ಇದನ್ನು ದಿನನಿತ್ಯ ಕುಡಿಯಬಾರದು. ವೈದ್ಯರನ್ನು ಕೇಳುವವರೆಗೆ ನೀವು ಮುಟ್ಟದಿರುವುದೇ ಮೇಲು. ಇನ್‌ಹೇಲರನ್ನಂತೂ ಯಾವ ಕಷಾಯಕ್ಕಾಗಿಯೂ ನಿಲ್ಲಿಸಬೇಡಿ. ಉಬ್ಬಸ ಹೆಚ್ಚಿದರೆ ಅಥವಾ ಮಾತಾಡುವಾಗ ಉಸಿರು ಸಾಲದಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಪೊಟ್ಟಣವನ್ನು ಎಸೆಯಬೇಕಾಗಿಲ್ಲ. ಐರಿಷ್ ಮನೆಗಳಲ್ಲಿ ಇದೇ ಪಾಚಿಯಿಂದ ಹಾಲಿನ ಪುಡಿಂಗ್ ಮಾಡುತ್ತಾರೆ. ಪಾಚಿಯೆಂದು ಮುಖ ಸಿಂಡರಿಸುವವರಿಗೆ, ನಮ್ಮ ಅಂಗಡಿಗಳಲ್ಲಿ ಸಿಗುವ ಚೈನಾಗ್ರಾಸ್ ಕೂಡ ಕೆಂಪು ಕಡಲ ಪಾಚಿಗಳದೇ ಸಾರ ಎಂದು ಹೇಳಿ. ಥೈರಾಯ್ಡ್ ತೊಂದರೆಯಿಲ್ಲದ ನಿಮ್ಮ ಮನೆಯವರು ಎಂದಾದರೊಮ್ಮೆ ಮಾಡಿ ತಿನ್ನಲಿ.